ಬೆಂಗೇರಿಯ ಬಾವುಟವೂ ಗಣಕಯಂತ್ರದ ಕನ್ನಡವೂ

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಆವರಣವಿದೆ. ಅಲ್ಲಿ ರಾಷ್ಟ್ರಧ್ವಜವು ಸಿದ್ಧವಾಗುವ ಕ್ರಮವನ್ನು ಕಂಡವರಿಗೆ ಕಟ್ಟುನಿಟ್ಟೆಂಬ ಮಾತಿನ ಅರ್ಥವನ್ನು ಬೇರೆಯಾಗಿ ಹೇಳಬೇಕಾಗುವುದಿಲ್ಲ. ನೂಲು ಕೈಯಿಂದ ತೆಗೆದದ್ದಾಗಿರಬೇಕು, ಬಟ್ಟೆ ಕೈಮಗ್ಗದ್ದಾಗಿರಬೇಕು. ಬಾಗಲಕೋಟೆಯ ಕಡೆಯ ಮಗ್ಗಗಳಿಂದ ಬಂದ ಬಟ್ಟೆಯನ್ನು ಬಿಳುಪುಗೊಳಿಸಿ, ಬಣ್ಣವೇರಿಸಿ, ಅಶೋಕಚಕ್ರವನ್ನು ಮುದ್ರಿಸಿ, ಮೂರು ಪಟ್ಟಿಗಳನ್ನು ಹೊಲಿದು, ಕೊನೆಗೆ ಹಗ್ಗವನ್ನೂ ಅದರ ಮರದ ತುಂಡನ್ನೂ ಕೂಡಿಸುವವರೆಗೆ ಹಂತಹಂತಕ್ಕೂ ಅಳತೆಯುಂಟು, ಪರೀಕ್ಷೆಯುಂಟು. ಉದ್ದಕ್ಕೂ ಅಗಲಕ್ಕೂ ಮೂರಕ್ಕೆರಡರ ಪ್ರಮಾಣ ತಪ್ಪಕೂಡದು. ಚಕ್ರದ 24 ಕಡ್ಡಿಗಳು ಬಟ್ಟೆಯ ಎರಡು ಮಗ್ಗುಲಲ್ಲಿಯೂ ಒಂದರ ಮೇಲೊಂದು ಸರಿಯಾಗಿ ಕೂಡಬೇಕು. ಅಳತೆಗಳು ಒಟ್ಟು ಒಂಬತ್ತು. ಅತಿ ದೊಡ್ಡದು 6300 ಮಿಲಿಮೀಟರ್ ಉದ್ದ, 4200 ಮಿಲಿಮೀಟರ್ ಅಗಲ. ಮೇಜಿನ ಮೇಲೆ ನಿಲ್ಲುವ ಪುಟ್ಟ ಬಾವುಟವಾದರೆ 150ಕ್ಕೆ 100. ಇವುಗಳ ನಡುವೆ ಮನಸ್ಸಿಗೆ ಬಂದ ಇನ್ನೊಂದು ಅಳತೆಗೆ ಎಡೆಯಿಲ್ಲ.

ಇದೆಲ್ಲವನ್ನೂ ವಿಧಿಸಿರುವ ದಾಖಲೆಯ ಹೆಸರು ‘ಐ.ಎಸ್. 1’. ಸ್ವಾತಂತ್ರ್ಯ ಬಂದ 1947ನೆಯ ವರ್ಷದಲ್ಲಿಯೇ ಭಾರತೀಯ ಮಾನಕ ಸಂಸ್ಥೆಯು ಸ್ಥಾಪಿತವಾಯಿತು. ಯಾವ ವಸ್ತು ಹೇಗಿರಬೇಕು, ಎಷ್ಟಿರಬೇಕು ಎಂಬುದನ್ನು ದೇಶಕ್ಕೆಲ್ಲ ಒಂದೇ ರೀತಿಯಾಗಿ ಗೊತ್ತುಪಡಿಸುವುದು ಅದರ ಕೆಲಸ. ಒಂದನೆಯ ಸಂಖ್ಯೆಯನ್ನು ಅದು ರಾಷ್ಟ್ರಧ್ವಜಕ್ಕೆ ಮೀಸಲಿಟ್ಟು 1951ರಲ್ಲಿ ಮಾನಕವನ್ನು ಪ್ರಕಟಿಸಿತು. ಮೆಟ್ರಿಕ್ ಅಳತೆ ಬಂದ ಮೇಲೆ, 1964ರಲ್ಲಿ, ಅದನ್ನು ತಿದ್ದಿ ಬರೆಯಲಾಯಿತು. ಸಂಸ್ಥೆಯು 1987ರಲ್ಲಿ ಭಾರತೀಯ ಮಾನಕ ಬ್ಯೂರೋ ಎಂಬ ಹೆಸರು ತಳೆಯಿತು. 1957ರ ನವೆಂಬರ್ 1ರಂದು ಹುಟ್ಟಿದ ಬೆಂಗೇರಿಯ ಸಂಘವು ಆ ಬ್ಯೂರೋದಿಂದ ಧ್ವಜ ತಯಾರಿಕೆಯ ಪರವಾನಗಿಯನ್ನು ಪಡೆದು, ಬಹುಕಾಲ ದೇಶದಲ್ಲಿಯೇ ಆ ಗೌರವದ ಏಕೈಕ ಸಂಸ್ಥೆಯೆನಿಸಿತು.

ಇದೇ ಬ್ಯೂರೋ 1991ರಲ್ಲಿ ಇನ್ನೊಂದು ಮಾನಕವನ್ನು ಹೊರಡಿಸಿತು. ಅದರ ಸಂಖ್ಯೆ 13194. ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳ ಅಕ್ಷರಗಳನ್ನು ಗಣಕಯಂತ್ರದಲ್ಲಿ ಯಾವ ಅಂಕಿಗಳಿಂದ ಗುರುತಿಸಬೇಕೆಂಬುದು ಅದರ ವಿಷಯ. ‘ಇಸ್ಕಿ’ ಎಂಬುದು ಅದರ ಬಳಕೆಯ ಹೆಸರು. ಬಾವುಟದ ಮಾನಕ ಬೆಂಗೇರಿಯ ಹೊಲಿಗೆಯ ಹೆಣ್ಣುಮಗಳಿಗೂ ಬಾಯಿಪಾಠ. ಅಕ್ಷರದ ಮಾನಕದ ಹೆಸರನ್ನಾದರೂ ಕೇಳಿದವರು ಹುಬ್ಬಳ್ಳಿ–ಧಾರವಾಡದ ಅಚ್ಚುಕೂಟಗಳಲ್ಲಿ ಎಷ್ಟು ಮಂದಿ ಸಿಕ್ಕಾರು? ಒಂದೇ ಮನೆಯಿಂದ ಹೊರಟ ಎರಡು ಆಜ್ಞೆಗಳು. ಒಂದನ್ನು ಜನ ಶಿರಸಾವಹಿಸಿದರು, ಮತ್ತೊಂದನ್ನು ಓದಿಯೂ ನೋಡಲಿಲ್ಲ. ಹೀಗೇಕಾಯಿತೆಂಬುದನ್ನು ವಿಚಾರಿಸಿದರೆ ಕಾಲಕ್ಷೇಪದ ಕುತೂಹಲ ತಣಿಯುವುದಷ್ಟೇ ಅಲ್ಲ; ಕನ್ನಡದ ಒಂದು ತಲೆಮಾರಿನ ಬರವಣಿಗೆಗೆ ಬಂದೊದಗಿರುವ ಅಪಾಯವೂ ತಿಳಿಯುತ್ತದೆ.

ಮೊಳೆಯ ಕಾಲ, ಅಂಕಿಯ ಕಾಲ

ಗಣಕಯಂತ್ರಕ್ಕೆ ಅಕ್ಷರಜ್ಞಾನವಿಲ್ಲ, ಅದು ಬಲ್ಲದ್ದು ಅಂಕಿಯೊಂದನ್ನೇ. ‘ಕ’ ಎಂಬುದಕ್ಕೆ ಇಂಥ ಅಂಕಿ, ‘ಖ’ ಎಂಬುದಕ್ಕೆ ಇಂಥ ಅಂಕಿ ಎಂದು ಮನುಷ್ಯರು ಮೊದಲೇ ಒಪ್ಪಂದ ಮಾಡಿಕೊಂಡಿರಬೇಕು. ಬರೆಯುವ ಯಂತ್ರವೂ ಓದುವ ಯಂತ್ರವೂ ಒಂದೇ ಒಪ್ಪಂದಕ್ಕೆ ಬದ್ಧವಾಗಿದ್ದರೆ ಮಾತ್ರ ಧಾರವಾಡದಲ್ಲಿ ಬರೆದದ್ದು ಹುಬ್ಬಳ್ಳಿಯಲ್ಲಿ ಕನ್ನಡವಾಗಿ ಕಾಣುತ್ತದೆ. ಇಲ್ಲದಿದ್ದರೆ ತೆರೆಯ ಮೇಲೆ ಮೂಡುವುದು ಇಂಗ್ಲಿಷ್ ಅಕ್ಷರ, ಚಿಹ್ನೆ, ಚುಕ್ಕಿಗಳ ಕಿಚಡಿ.

ಹಳೆಯ ಅಚ್ಚುಮೊಳೆಯ ಕಾಲದಲ್ಲಿ ಈ ತೊಂದರೆಯಿರಲಿಲ್ಲ. ಆಗಲೂ ಭಿನ್ನತೆಗೇನೂ ಬರವಿರಲಿಲ್ಲ. ಮೊಳೆಗಳನ್ನು ಜೋಡಿಸುವವನ ಮುಂದಿದ್ದ ಮರದ ಪೆಟ್ಟಿಗೆಯಲ್ಲಿ ಯಾವ ಮನೆಯಲ್ಲಿ ಯಾವ ಅಕ್ಷರವೆಂಬುದು ಒಂದೊಂದು ಅಚ್ಚುಕೂಟದಲ್ಲಿ ಒಂದೊಂದು ಬಗೆಯಾಗಿರಬಹುದಾಗಿತ್ತು. ಒಬ್ಬರಲ್ಲಿ ಪಳಗಿದವನು ಇನ್ನೊಬ್ಬರಲ್ಲಿಗೆ ಹೋದರೆ ನಾಲ್ಕು ದಿನ ತಡವರಿಸುತ್ತಿದ್ದನು. ಆದರೆ ಆ ಭೇದವೆಲ್ಲ ಅಚ್ಚುಕೂಟದ ನಾಲ್ಕು ಗೋಡೆಗಳೊಳಗೇ ಮುಗಿಯುತ್ತಿತ್ತು. ಹೊರಗೆ ಬಂದ ಕಾಗದವನ್ನು ಕನ್ನಡ ಬಲ್ಲ ಯಾರಾದರೂ ಓದಬಹುದಾಗಿತ್ತು. ಸಾಧನಕೇರಿಯ ಓದುಗನಿಗೆ ಮೊಳೆಯ ಪೆಟ್ಟಿಗೆಯ ಗೊಡವೆಯೇ ಇರಲಿಲ್ಲ. ಗಣಕಯಂತ್ರ ಬಂದ ಮೇಲೆ ಈ ಸ್ಥಿತಿ ಬದಲಾಯಿತು. ಈಗ ಕಡತದೊಡನೆ ಮೊಳೆಯ ಪೆಟ್ಟಿಗೆಯ ಏರ್ಪಾಡೂ ಪ್ರಯಾಣ ಮಾಡುತ್ತದೆ. ಪಡೆದವನಲ್ಲಿ ಅದೇ ಪೆಟ್ಟಿಗೆ ಇಲ್ಲದಿದ್ದರೆ ಕಡತ ಅವನ ಪಾಲಿಗೆ ಮೂಕ.

ಕನ್ನಡಕ್ಕೆ ಮೂಲಾಕ್ಷರಗಳು ಐವತ್ತರ ಆಸುಪಾಸು. ಆದರೆ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದರೆ ಆಕಾರಗಳು ನೂರಾರು. ಅಂದಿನ ಯಂತ್ರದಲ್ಲಿ ಅಕ್ಷರಗಳಿಗೆ ದೊರೆಯುತ್ತಿದ್ದ ಮನೆಗಳು 256 ಮಾತ್ರ. ಇಸ್ಕಿಯ ಉಪಾಯ ಶಾಸ್ತ್ರಶುದ್ಧವಾಗಿತ್ತು: ಕಡತದಲ್ಲಿ ಮೂಲಾಕ್ಷರ, ಸ್ವರಚಿಹ್ನೆಗಳ ಅಂಕಿಯನ್ನಷ್ಟೇ ಇಡುವುದು, ಅವುಗಳಿಂದ ಆಕಾರವನ್ನು ರಚಿಸುವ ಹೊಣೆಯನ್ನು ಯಂತ್ರಕ್ಕೆ ಬಿಡುವುದು. ಮಾರುಕಟ್ಟೆ ಬೇರೆ ದಾರಿ ಹಿಡಿಯಿತು. ಇಂಗ್ಲಿಷ್ ಅಕ್ಷರಗಳಿದ್ದ ಮನೆಗಳಿಂದ ಅವನ್ನು ಹೊರಹಾಕಿ, ತಲೆಕಟ್ಟು, ಕೊಂಬು, ಏತ್ವ, ಒತ್ತು ಮುಂತಾದ ಆಕಾರದ ಚೂರುಗಳನ್ನು ಅಲ್ಲಿ ತುಂಬಿದರೆ ಕನ್ನಡ ಕೂಡಲೇ ತೆರೆಯ ಮೇಲೆ ಕಾಣುತ್ತಿತ್ತು. ಬೆಂಗಳೂರಿನ ಪ್ರಕಾಶಕ, ಆಕೃತಿ, ಪುಣೆಯ ಶ್ರೀಲಿಪಿ, 1998ರಲ್ಲಿ ಬಂದ ಬರಹ ಮುಂತಾದ ತಂತ್ರಾಂಶಗಳು ಕನ್ನಡದ ಮುದ್ರಣಕ್ಕೆ ಮಾಡಿದ ಉಪಕಾರ ದೊಡ್ಡದು. ಅವಿಲ್ಲದಿದ್ದರೆ ಆ ದಶಕದ ಕನ್ನಡ ಪುಸ್ತಕಗಳು ಇನ್ನೂ ಮೊಳೆಯ ಪೆಟ್ಟಿಗೆಯಲ್ಲಿಯೇ ಉಳಿಯುತ್ತಿದ್ದವು. ತೊಡಕೆಂದರೆ, ಚೂರುಗಳನ್ನು ಒಬ್ಬೊಬ್ಬರು ಒಂದೊಂದು ಮನೆಯಲ್ಲಿ ಇಟ್ಟರು.

ಹುಬ್ಬಳ್ಳಿಯವರಿಗೆ ಇದು ರೈಲಿನ ದೃಷ್ಟಾಂತದಿಂದ ಸುಲಭವಾಗಿ ತಿಳಿದೀತು. ಬ್ರಿಟಿಷರ ಕಾಲದಲ್ಲಿ ಇಲ್ಲಿಗೆ ಬಂದದ್ದು ಒಂದು ಮೀಟರ್ ಅಗಲದ ಹಳಿ. ದೇಶದ ದೊಡ್ಡ ಹಳಿಯ ಅಗಲ 1676 ಮಿಲಿಮೀಟರ್. ಎರಡು ಹಳಿಗಳು ಸೇರುವಲ್ಲಿ ಸರಕಿನ ಮೂಟೆಗಳನ್ನೆಲ್ಲ ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಹೇರಬೇಕಾಗಿತ್ತು. ಎರಡು ಹಳಿಗಳೂ ತಮ್ಮಷ್ಟಕ್ಕೆ ಗಟ್ಟಿಮುಟ್ಟಾಗಿಯೇ ಇದ್ದವು. ಕೂಲಿ, ಕಾಲಹರಣ, ಸೋರಿಹೋದ ಕಾಳು ಇವೆಲ್ಲ ಅವೆರಡರ ನಡುವಣ ಭೇದದ ದಂಡ. ಈ ದಂಡದಿಂದ ಹುಬ್ಬಳ್ಳಿಗೆ ಬಿಡುಗಡೆಯಾದದ್ದು 1990ರ ದಶಕದ ಹಳಿ ಪರಿವರ್ತನೆಯಿಂದ. ಅದೇ ದಶಕದಲ್ಲಿ ಕನ್ನಡದ ಅಕ್ಷರವು ಹತ್ತಾರು ಅಗಲದ ಹಳಿಗಳ ಮೇಲೆ ಓಡಲು ಆರಂಭಿಸಿತ್ತು.

ಆಜ್ಞೆಗೆ ಕೈಕಾಲು ಬೇಕು

ಮಾನಕ 13194 ಸೋತದ್ದು ಅದರಲ್ಲಿ ಬುದ್ಧಿ ಸಾಲದೆಂದಲ್ಲ. ಧ್ವಜದ ಮಾನಕದ ಬೆನ್ನಿಗೆ ಧ್ವಜಸಂಹಿತೆಯಿತ್ತು. ಸರ್ಕಾರವು ಅಧಿಕೃತವಾಗಿ ಹಾರಿಸುವ ಬಾವುಟಕ್ಕೆ ಬ್ಯೂರೋದ ಮುದ್ರೆ ಇರಲೇಬೇಕೆಂಬ ನಿಯಮವಿತ್ತು. ಅಂದರೆ ಕೊಳ್ಳುವವನೇ ಮುದ್ರೆಯನ್ನು ಕೇಳುತ್ತಿದ್ದನು. ಅಕ್ಷರದ ಮಾನಕಕ್ಕೆ ಅಂಥ ಗಿರಾಕಿ ಸಿಗಲಿಲ್ಲ. ಲಗ್ನಪತ್ರಿಕೆ ಮಾಡಿಸುವವನು ಅಕ್ಷರ ಅಂದವಾಗಿದೆಯೇ ಎಂದು ನೋಡಿದನು. ಅದರ ಹಿಂದಿನ ಅಂಕಿ ಯಾವುದೆಂದು ಕೇಳಲಿಲ್ಲ. ಕಚೇರಿಯವರೂ ಕೇಳಲಿಲ್ಲ. ಮಾನಕವನ್ನು ಪಾಲಿಸಿದವನಿಗೆ ಶ್ರಮ ಹೆಚ್ಚು, ಮುರಿದವನಿಗೆ ನಷ್ಟವಿಲ್ಲ ಎಂದಾದ ಮೇಲೆ ಪಾಲಿಸುವವರಾರು? ಅದೂ ಅಲ್ಲದೆ, ಪೇಟೆಯಲ್ಲಿ ಮಾರಾಟವಾಗುತ್ತಿದ್ದ ಯಂತ್ರಗಳ ಮೂಲ ತಂತ್ರಾಂಶ ಹೊರದೇಶದ್ದು. ಅದಕ್ಕೆ ಇಸ್ಕಿಯ ಪರಿಚಯವೇ ಇರಲಿಲ್ಲ.

ಇದಕ್ಕೆ ಬದಲಾಗಿ ತೂಕ ಅಳತೆಯ ಕಥೆಯನ್ನು ನೋಡಬಹುದು. ಮನೆಯ ಹಿರಿಯರಿಗೆ ಅದು ನೆನಪಿದ್ದೀತು. 1956ರಲ್ಲಿ ಶಾಸನವಾಯಿತು. 1957ರ ಏಪ್ರಿಲ್ 1ರಂದು ರೂಪಾಯಿಗೆ ಹದಿನಾರಾಣೆ ಹೋಗಿ ನೂರು ನಯಾಪೈಸೆ ಬಂದವು. 1958ರ ಅಕ್ಟೋಬರಿನಿಂದ ಸೇರು, ಮಣಗಳ ಜಾಗಕ್ಕೆ ಕಿಲೋಗ್ರಾಂ ಹಂತಹಂತವಾಗಿ ಬಂದಿತು. ಹೊಸದೂ ಹಳೆಯದೂ ಕೂಡಿ ನಡೆಯುವುದಕ್ಕೆ ಗಡುವು ಕೊಟ್ಟರು. ಗಡುವು ಮುಗಿದ ಮೇಲೆ ಹಳೆಯ ಕಲ್ಲಿನಿಂದ ತೂಗುವುದು ಅಪರಾಧವಾಯಿತು. ಇನ್ಸ್‌ಪೆಕ್ಟರು ಅಂಗಡಿಗೆ ಬಂದು ತೂಕದ ಕಲ್ಲುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುತ್ತಿದ್ದನು. ಮಾತಿನಲ್ಲಿ ‘ಎಂಟಾಣೆ’ ಎಷ್ಟೋ ಕಾಲ ಉಳಿಯಿತು. ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ತಕ್ಕಡಿಯಲ್ಲಿ ಮಾತ್ರ ಒಂದೇ ಅಳತೆ ನಿಂತಿತು. ತಿಳಿವಳಿಕೆ, ಗಡುವು, ತಪಾಸಣೆ ಮೂರೂ ಕೂಡಿದ್ದರಿಂದ ಸಾವಿರಾರು ಸಂತೆಗಳ ಪದ್ಧತಿ ಕೆಲವೇ ವರ್ಷಗಳಲ್ಲಿ ಬದಲಾಯಿತು.

ಕನ್ನಡದ ಅಕ್ಷರಕ್ಕೂ ಇಂಥದೊಂದು ಪ್ರಯತ್ನ ನಡೆಯದೆ ಇರಲಿಲ್ಲ. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರವು ಕನ್ನಡ ಗಣಕ ಪರಿಷತ್ತಿನ ನೆರವಿನಿಂದ ಏಕರೂಪದ ಕೀಲಿಮಣೆಯನ್ನೂ ಅಕ್ಷರದ ಚೂರುಗಳಿಗೆ ಏಕರೂಪದ ಅಂಕಿಗಳನ್ನೂ ಗೊತ್ತುಮಾಡಿತು. ಕೀಲಿಮಣೆಗೆ ಆಧಾರವಾದದ್ದು ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಕನ್ನಡವನ್ನು ಉಚ್ಚರಿಸುವ ಕ್ರಮದಲ್ಲಿಯೇ ಇಂಗ್ಲಿಷ್ ಕೀಲಿಗಳ ಮೇಲೆ ಬೆರಳಾಡಿಸುವ ಆ ಏರ್ಪಾಡು ಸರಳವಾಗಿದ್ದುದರಿಂದ ಜನರಿಗೆ ಹಿಡಿಸಿತು. ಪರಿಷತ್ತು ‘ನುಡಿ’ ಎಂಬ ತಂತ್ರಾಂಶವನ್ನು ಸಿದ್ಧಪಡಿಸಿ ಉಚಿತವಾಗಿ ಹಂಚಿತು. ಸರ್ಕಾರಿ ಕಚೇರಿಗಳಲ್ಲಿ ಅದು ನೆಲೆಯೂರಿತು. ಆಜ್ಞೆಯ ಜೊತೆಗೆ ಪಾಲಿಸುವ ಸಾಧನವನ್ನೂ ಕೈಗಿತ್ತದ್ದೇ ಇದರ ಗೆಲುವಿನ ಗುಟ್ಟು.

ಆದರೆ ಗೆದ್ದ ಮಾನಕವೂ ಒಂದು ದಿನ ಗೋಡೆಯಾಗುವುದುಂಟು. ನುಡಿಯ ಮೊದಲ ಏರ್ಪಾಡು ಕೂಡ ಆಕಾರದ ಚೂರುಗಳಿಗೆ ಅಂಕಿ ಕೊಟ್ಟದ್ದು; ಅಕ್ಷರಕ್ಕೆ ಕೊಟ್ಟದ್ದಲ್ಲ. ಹತ್ತಾರು ಹಳಿಗಳ ಬದಲು ರಾಜ್ಯಕ್ಕೆ ಒಂದು ಹಳಿ ಬಂತು, ನಿಜ. ಅಷ್ಟರಲ್ಲಿ ಜಗತ್ತೇ ಬೇರೊಂದು ಹಳಿಗೆ ಹೊರಳಿತ್ತು.

ಜಗತ್ತಿನ ಹಳಿ

ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಕೋಷ್ಟಕವಿರಬೇಕೆಂಬ ಉದ್ದೇಶದಿಂದ ಅಮೆರಿಕದಲ್ಲಿ ಯೂನಿಕೋಡ್ ಒಕ್ಕೂಟ ರೂಪುಗೊಂಡದ್ದು 1991ರಲ್ಲಿ, ಅಂದರೆ ಇಸ್ಕಿಯ ಮಾನಕ ಹೊರಟ ವರ್ಷದಲ್ಲಿಯೇ. ಕನ್ನಡಕ್ಕೆ ಅದರಲ್ಲಿ 128 ಮನೆಗಳು ದೊರೆತವು. ಸ್ವಾರಸ್ಯವೆಂದರೆ, ಆ ಮನೆಗಳಲ್ಲಿ ಅಕ್ಷರಗಳನ್ನು ಕೂರಿಸಿದ ಕ್ರಮ ಇಸ್ಕಿಯ ಹಿಂದಿನ ರೂಪದಿಂದ ತೆಗೆದುಕೊಂಡದ್ದು. ಊರಿನಲ್ಲಿ ಯಾರೂ ಮಾತನಾಡಿಸದ ಮಾನಕ ಹೊರದೇಶಕ್ಕೆ ಹೋಗಿ ಮನ್ನಣೆ ಪಡೆಯಿತೆನ್ನಬಹುದು. ಯಂತ್ರದ ತಯಾರಕರು ಯೂನಿಕೋಡನ್ನು ಒಪ್ಪಿಕೊಂಡದ್ದರಿಂದ, 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಕನ್ನಡ ಅಕ್ಷರಗುಚ್ಛದೊಡನೆ ಬಂತು. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಭಾರತ ಸರ್ಕಾರವು ತನ್ನ ವಿದ್ಯುನ್ಮಾನ ಆಡಳಿತಕ್ಕೆ ಯೂನಿಕೋಡನ್ನೇ ಮಾನಕವೆಂದು 2009ರಲ್ಲಿ ಘೋಷಿಸಿತು. ಕರ್ನಾಟಕ ಸರ್ಕಾರವೂ ಮುಂದೆ ಅದನ್ನೇ ಅಂಗೀಕರಿಸಿತು. ನುಡಿಯ ಹೊಸ ಆವೃತ್ತಿಗಳೂ ಯೂನಿಕೋಡಿಗೆ ತೆರೆದುಕೊಂಡವು.

ಜಗತ್ತಿನ ಮಾನಕವೆಂದ ಮಾತ್ರಕ್ಕೆ ಲೋಪರಹಿತವೆಂದು ತಿಳಿಯಬಾರದು. ಹಳಗನ್ನಡದಲ್ಲಿ ‘ೞ’ ಎಂಬ ಅಕ್ಷರವಿರುವುದನ್ನು ಧಾರವಾಡದ ಕನ್ನಡ ವಿದ್ಯಾರ್ಥಿಗಳೆಲ್ಲ ಬಲ್ಲರು. ಯೂನಿಕೋಡ್ ಕೋಷ್ಟಕದಲ್ಲಿ ಅದಕ್ಕೆ ಮನೆಯೇನೋ ದೊರೆಯಿತು. ಆದರೆ ಮನೆಯ ಬಾಗಿಲಿಗೆ ಬರೆದ ಹೆಸರು ‘ಫ’ ಎಂಬರ್ಥ ಕೊಡುವಂಥದು! ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಬಾರದೆಂಬುದು ಆ ಒಕ್ಕೂಟದ ಕಟ್ಟಳೆ. ಆದುದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಪಕ್ಕದಲ್ಲಿ ‘ಇದು ತಪ್ಪು’ ಎಂಬ ಟಿಪ್ಪಣಿಯೂ ಸರಿಯಾದ ಉಪನಾಮವೂ ಸೇರಿದವು. ಇದನ್ನು ಕಂಡು ನಗು ಬಂದರೂ ಕಟ್ಟಳೆಯ ಹಿಂದಿನ ವಿವೇಕವನ್ನು ಮರೆಯಬಾರದು. ಇಂದು ಒಂದು ಹೆಸರು, ನಾಳೆ ಒಂದು ಅಂಕಿ ಎಂದು ತಿದ್ದುತ್ತ ಹೋದರೆ ನಿನ್ನೆಯ ಕಡತಗಳ ಗತಿಯೇನು? ಮಾನಕವನ್ನು ನಿಗದಿ ಮಾಡುವ ಮುನ್ನವೇ ಭಾಷೆ ಬಲ್ಲವರು ಆ ಸಭೆಯಲ್ಲಿ ಇರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಈಗ ಕೈತಪ್ಪುತ್ತಿರುವುದೇನು?

ಮಾನಕ ಬಂತು, ಸರ್ಕಾರ ಒಪ್ಪಿತು. ಇನ್ನೇನು ತೊಂದರೆ ಎಂದು ವಾಚಕರು ಕೇಳಬಹುದು. ತೊಂದರೆ ಇರುವುದು ಅಚ್ಚುಕೂಟದ ಮೇಜಿನ ಮೇಲೆ. ಪುಟ ಕಟ್ಟುವ ಹಳೆಯ ಪೇಜ್‌ಮೇಕರ್ ತಂತ್ರಾಂಶಕ್ಕೆ ಯೂನಿಕೋಡ್ ಕನ್ನಡ ಒಗ್ಗದು. ಹೊಸ ತಂತ್ರಾಂಶಕ್ಕೆ ಹಣ ಬೇಕು, ಹೊಸ ಅಭ್ಯಾಸ ಬೇಕು. ಇಪ್ಪತ್ತು ವರ್ಷ ಕೈಗೆ ಕೂತ ಅಕ್ಷರಗುಚ್ಛಗಳ ಅಂದವನ್ನು ಬಿಡಲು ಮನಸ್ಸೂ ಬರಬೇಕು. ಹೀಗಾಗಿ ಪುಸ್ತಕ, ಸ್ಮರಣಸಂಚಿಕೆ, ಪ್ರಬಂಧಗಳು ಹಳೆಯ ಅಂಕಿಗಳಲ್ಲಿಯೇ ಸಿದ್ಧವಾಗುವುದು ಇನ್ನೂ ನಿಂತಿಲ್ಲ. ಕಾಗದದ ಮೇಲೆ ಎರಡಕ್ಕೂ ವ್ಯತ್ಯಾಸ ಕಾಣದಿರುವುದೇ ಈ ಬೇನೆಯ ಮೋಸ.

ವ್ಯತ್ಯಾಸ ತಿಳಿಯುವುದು ಹುಡುಕಹೊರಟಾಗ. ಹಳೆಯ ಅಂಕಿಯ ಕಡತದಲ್ಲಿ ‘ಬಸವಣ್ಣ’ ಎಂದು ಹುಡುಕಿದರೆ ಯಂತ್ರ ಕೈಚೆಲ್ಲುತ್ತದೆ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸೆಂದರೆ ಅದಕ್ಕೆ ಸಾಧ್ಯವಿಲ್ಲ. ಅದರ ಪಾಲಿಗೆ ಅಲ್ಲಿರುವುದು ಹೆಸರಲ್ಲ, ಕೊಂಬು ತಲೆಕಟ್ಟುಗಳ ರಾಶಿ. ಕುರುಡರಿಗೆ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುವ ಯಂತ್ರ ಅಂಥ ಕಡತವನ್ನು ಓದಲಾರದು. ಅಂತರಜಾಲದಲ್ಲಿ ಜಗತ್ತಿನ ಬರಹವನ್ನೆಲ್ಲ ಜಾಲಾಡಿ ಭಾಷೆ ಕಲಿಯುವ ಇಂದಿನ ಬುದ್ಧಿವಂತ ಯಂತ್ರಗಳ ಕಣ್ಣಿಗೂ ಅದು ಕನ್ನಡವೆಂದು ಕಾಣದು. ಹುಬ್ಬಳ್ಳಿ–ಧಾರವಾಡವು ಬರೆಯುವವರ ಊರು. ವಿದ್ಯಾವರ್ಧಕ ಸಂಘ 1890ರಿಂದಲೂ, ಮನೋಹರ ಗ್ರಂಥಮಾಲೆ 1933ರಿಂದಲೂ ಇಲ್ಲಿ ಕನ್ನಡದ ಕೆಲಸ ಮಾಡುತ್ತ ಬಂದಿವೆ. ಇಂಥ ಊರಿನಲ್ಲಿ 1990ರಿಂದ ಈಚೆಗೆ ಜೋಡಿಸಲಾದ ಬರಹದಲ್ಲಿ ಹಳೆಯ ಅಂಕಿಗಳ ಬೀಗ ಬಿದ್ದಿರುವುದು ಎಷ್ಟಿದ್ದೀತೆಂದು ಯೋಚಿಸಿದರೆ ಎದೆ ಝಲ್ಲೆನ್ನುತ್ತದೆ. ಪರಿವರ್ತಕ ತಂತ್ರಾಂಶಗಳೇನೋ ಇವೆ. ಆದರೆ ಮೂಟೆ ಇಳಿಸಿ ಹೇರುವಾಗ ಕಾಳು ಸೋರುವಂತೆ, ಒತ್ತಕ್ಷರವೊಂದು, ಅರ್ಕಾವತ್ತೊಂದು ಅಲ್ಲಲ್ಲಿ ಉದುರುತ್ತದೆ. ಮತ್ತೆ ಕರಡು ತಿದ್ದಬೇಕು.

ಇದು ಸಾಹಿತಿಗಳ ಚಿಂತೆಯಷ್ಟೇ ಅಲ್ಲ. 2001ರ ಹೊತ್ತಿಗೆ ರಾಜ್ಯದ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳನ್ನು, ಧಾರವಾಡದ ಕಡೆಯ ಮಾತಿನಲ್ಲಿ ಉತಾರಗಳನ್ನು, ಗಣಕಯಂತ್ರಕ್ಕೆ ಏರಿಸಿತು. ಅಂದಿನಿಂದ ರೈತನ ಹೊಲದ ಮೇಲಿನ ಹೆಸರು ನಿಂತಿರುವುದು ಅಂಕಿಗಳ ಮೇಲೆ. ಬ್ಯಾಂಕಿನ ಪಟ್ಟಿ, ಪಡಿತರದ ಪಟ್ಟಿ, ಮತದಾರರ ಪಟ್ಟಿಗಳಲ್ಲಿಯೂ ಹೆಸರು ಅಂಕಿಯೇ. ಇವೆಲ್ಲ ಒಂದನ್ನೊಂದು ಗುರುತಿಸಬೇಕಾದರೆ ಅಕ್ಷರಕ್ಕೆ ಒಂದೇ ಅಂಕಿಯಿರಬೇಕು.

ಮೊಬೈಲ್ ಫೋನಿನ ವಿಷಯದಲ್ಲಿ ಈ ಪಾಠವನ್ನು ಸರ್ಕಾರ ಕಲಿತಂತೆ ಕಾಣುತ್ತದೆ. ಬ್ಯೂರೋದ ಮಾನಕ 16333ರ ಮೂರನೆಯ ಭಾಗದ ಪ್ರಕಾರ, ದೇಶದಲ್ಲಿ ಮಾರುವ ಫೋನು 22 ಭಾರತೀಯ ಭಾಷೆಗಳ ಸಂದೇಶವನ್ನು ಓದಲು ತೋರಿಸಬೇಕು. ಇಂಗ್ಲಿಷ್, ಹಿಂದಿಗಳಲ್ಲದೆ ಇನ್ನೊಂದು ಭಾರತೀಯ ಭಾಷೆಯಲ್ಲಿ ಬರೆಯಲು ಅನುವು ಮಾಡಿಕೊಡಬೇಕು. 2016ರಲ್ಲಿ ಇದನ್ನು ಕಡ್ಡಾಯ ಮಾಡಲಾಯಿತು. ತಯಾರಕರ ಕೋರಿಕೆಗಳಿಂದಾಗಿ ಜಾರಿಯ ದಿನ ಮುಂದೆ ಹೋದರೂ ಆಜ್ಞೆ ಬಿದ್ದುಹೋಗಲಿಲ್ಲ. ಇಂದು ಕೊಪ್ಪೀಕರ ರಸ್ತೆಯಲ್ಲಿ ಕೊಂಡ ಫೋನಿನಲ್ಲಿ ಅಜ್ಜಿಯೂ ಕನ್ನಡದ ಸಂದೇಶ ಓದುತ್ತಾಳೆ. ಎಲ್ಲ ಯಶಸ್ಸೂ ಆಜ್ಞೆಯದೇ ಎನ್ನಲಾಗದು. ಯೂನಿಕೋಡ್ ಆಗಲೇ ಫೋನಿನ ಮೂಲ ತಂತ್ರಾಂಶದಲ್ಲಿ ನೆಲೆಸಿತ್ತು. ನೆಲ ಹದವಾಗಿದ್ದಾಗ ಬಿದ್ದ ಬೀಜ ಬೇಗ ಮೊಳೆಯಿತು.

ಹಾಗಾದರೆ ಕಾನೂನಿನ ಬಲವೊಂದಿದ್ದರೆ ಸಾಕೇ? ಬೆಂಗೇರಿಯ ಈಚಿನ ಅನುಭವ ಹಾಗೆನ್ನುವುದಿಲ್ಲ. 2021ರ ಡಿಸೆಂಬರ್ ತಿಂಗಳಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಲ್ಲಿ ನೇಯ್ದ ಹಾಗೂ ಪಾಲಿಯೆಸ್ಟರ್ ಬಾವುಟಗಳಿಗೂ ಅನುಮತಿ ದೊರೆಯಿತು. 2022ರಲ್ಲಿ ಸ್ವಾತಂತ್ರ್ಯದ ಎಪ್ಪತ್ತೈದರ ಸಂಭ್ರಮಕ್ಕೆ ಮನೆಮನೆಯ ಮೇಲೂ ಬಾವುಟ ಹಾರಿತು. ಅಗ್ಗದ ಬಾವುಟ ಎಲ್ಲರ ಕೈಗೆ ಎಟುಕಿದ್ದರಲ್ಲಿ ಸಂತೋಷಪಡುವವರು ಸಂತೋಷಪಟ್ಟರು. ಖಾದಿ ಧ್ವಜದ ಬೇಡಿಕೆ ಕುಗ್ಗಿದ ಬೆಂಗೇರಿಯವರು ಪ್ರತಿಭಟನೆಗೆ ಇಳಿದರು. ಬಟ್ಟೆಯ ಅಳತೆ, ಚಕ್ರದ ಕಡ್ಡಿಗಳಲ್ಲಿ ಅವರ ಕಡೆಯಿಂದ ಯಾವ ಲೋಪವೂ ಆಗಿರಲಿಲ್ಲ. ಕೊಳ್ಳುವವನ ಕಣ್ಣು ಮಾತ್ರ ಬೇರೆಡೆಗೆ ತಿರುಗಿತ್ತು. ಕಟ್ಟಳೆಯನ್ನು ಬರೆದವರು ಕಟ್ಟಳೆಯನ್ನು ಸಡಿಲಿಸಲೂಬಹುದು. ಕೊಳ್ಳುವವನು ಗುಣವನ್ನು ತಾನಾಗಿ ಕೇಳುವುದನ್ನು ಕಲಿಯದಿದ್ದರೆ ಯಾವ ಮಾನಕಕ್ಕೂ ಬಾಳಿಕೆಯಿಲ್ಲ.

ಆದುದರಿಂದ ಈ ಕೆಲಸದಲ್ಲಿ ಗೃಹಸ್ಥರಿಗೂ ಪಾಲುಂಟು. ತಂದೆಯವರ ಆತ್ಮಕಥೆಯನ್ನು ಅಚ್ಚು ಹಾಕಿಸುವ ಮಗ, ಪ್ರಬಂಧವನ್ನು ಜೋಡಿಸಲು ಕೊಡುವ ವಿದ್ಯಾರ್ಥಿನಿ, ಸುವರ್ಣಮಹೋತ್ಸವದ ಸಂಚಿಕೆ ತರುವ ಸಂಘದ ಕಾರ್ಯದರ್ಶಿ, ಇವರೆಲ್ಲ ದರ ಗೊತ್ತುಮಾಡುವಾಗಲೇ ‘ಅಚ್ಚಾದ ಪ್ರತಿಗಳ ಜೊತೆಗೆ ಯೂನಿಕೋಡಿನಲ್ಲಿರುವ ಕಡತವನ್ನೂ ಕೊಡಬೇಕು’ ಎಂಬ ಒಂದು ಮಾತನ್ನು ಸೇರಿಸಬೇಕು. ಸಂಸ್ಥೆಗಳೂ ಇಲಾಖೆಗಳೂ ಇದನ್ನು ಟೆಂಡರಿನ ಷರತ್ತಾಗಿ ಬರೆಯಬೇಕು. ಕಡತ ಕೈಗೆ ಬಂದ ಮೇಲೆ ಅದರಲ್ಲಿ ಒಂದು ಕನ್ನಡ ಪದವನ್ನು ಹುಡುಕಿ, ಸಿಕ್ಕರೆ ಮಾತ್ರ ಬಿಲ್ಲಿಗೆ ಸಹಿ ಹಾಕಬೇಕು. ಅಚ್ಚುಕೂಟದವರಿಗೆ ಇದರಿಂದ ಶ್ರಮ ಹೆಚ್ಚುವುದರಿಂದ ಅದಕ್ಕೆ ತಕ್ಕ ಕೂಲಿಯನ್ನು ಸಂಕೋಚವಿಲ್ಲದೆ ಕೊಡಬೇಕು. ಹಳೆಯ ಕಡತಗಳನ್ನು ಇಟ್ಟುಕೊಂಡಿರುವವರು, ಅವನ್ನು ತೆರೆಯಬಲ್ಲ ಯಂತ್ರವೂ ಅದನ್ನು ಬಲ್ಲ ಕೈಯೂ ಇನ್ನೂ ಇರುವಾಗಲೇ, ಹೊಸ ಅಂಕಿಗೆ ಬದಲಿಸಿಕೊಳ್ಳುವುದು ಜಾಣತನ. ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮಣ್ಣು ನೋಡಿಕೊಳ್ಳುವ ಧಾರವಾಡದ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.